ಹುಲ್ಲಿನ ಗಾಡಿಯ ಕ್ಲಚ್ಚು

ಆ ಶನಿವಾರ ನಮ್ಮಿಬ್ಬರಿಗೆ ಜಗಳವಾದದ್ದು ಚಪ್ಪಲಿಯ ವಿಷಯಕ್ಕೆ. ಮೈದಾನದ ಹುಲ್ಲು ಕತ್ತರಿಸಿ ಬಂದಾಗ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಬೇಕು ಎಂದು ನೆರೂಳಿನಲ್ಲಿ ಆ ಕೆಲಸ ಹಿಡಿದಾಗಿನಿಂದ ನನ್ನ ಗಂಡನಿಗೆ ಹೇಳುತ್ತ ಬಂದಿದ್ದೆ. ಅಂದೂ ಅವರು ಅದನ್ನು ಹಾಕಿಕೊಂಡೇ ಅಡಿಗೆಮನೆಯ ತನಕ ಬಂದರು. ನೆಲದ ತುಂಬ ಹಸಿರು ಹೆಜ್ಜೆ. ನಾನು ಆಫೀಸಿನವರಿಗೆ ಮಾರುವ ಮಧ್ಯಾಹ್ನದ ಊಟದ ಡಬ್ಬಿಗಳಿಗೆ ಸಾರು ತುಂಬುತ್ತಿದ್ದೆ.

“ಹುಲ್ಲಲ್ವಾ ಮಾರಾಯ್ತಿ, ಅದೆಂತ ಕೆಸರಾ?” ಎಂದರು.

“ಹುಲ್ಲಾದ್ರೆ ದನಕ್ಕೆ ಹಾಕಿ. ನನ್ನ ಅಡಿಗೆಮನೆಗೆ ಯಾಕೆ?”

“ದನ ಎಲ್ಲುಂಟು ಇಲ್ಲಿ? ನೀನೊಬ್ಬಳೇ ಇರುವುದು.”

ನಾನು ನಗಲಿಲ್ಲ. ಅವರೊಬ್ಬರೇ ನಕ್ಕರು, ಕೈಕಾಲು ತೊಳೆದು ಊಟಕ್ಕೆ ಕುಳಿತರು, ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಎಂದರು, ಆದರೂ ಎರಡು ಸಲ ಹಾಕಿಸಿಕೊಂಡರು. ಸಂಜೆ ಎದುರು ಮನೆಯ ಕಾಲಿಂಗ್ ಬೆಲ್ ರಿಪೇರಿ ಮಾಡಿಕೊಟ್ಟರು. ಟಿವಿಯಲ್ಲಿ ಮ್ಯಾಚ್ ನೋಡುತ್ತ ಅಲ್ಲೇ ನಿದ್ದೆ ಹೋದರು. ಅದು ನಮ್ಮ ಕೊನೆಯ ಸಾಧಾರಣ ದಿನ.

ಮರುದಿನ ಬೆಳಿಗ್ಗೆ ಹಾಲು ತರಲು ಹೋದವರು ಹಾಲಿನ ಬೂತಿನ ಕಟ್ಟೆಯ ಮೇಲೆ ಕುಳಿತರಂತೆ. ಬೆವರುತ್ತಿದ್ದರಂತೆ. ಯಾರೋ ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ. ನಾನು ಊರಿನಲ್ಲಿ ಹತ್ತನೆಯ ಕ್ಲಾಸಿನ ತನಕ ಓದಿದವಳು. ದುಃಖಕ್ಕೆ ಬೇಕಾದ ದೊಡ್ಡ ಮಾತುಗಳು ನನ್ನಲ್ಲಿಲ್ಲ. ಹುಲ್ಲಿನ ಗಾಡಿಯ ಬಗ್ಗೆಯಾದರೆ ಬರೆಯಬಲ್ಲೆ. ಅವರು ಹೋದ ಮೇಲಿನ ತಿಂಗಳುಗಳಲ್ಲಿ ನನ್ನ ತಲೆ ತಿಂದದ್ದು ಅದು.

ಅವರು ನಮ್ಮ ಕಾಲೊನಿಯ ಪಂಪು, ದೀಪ ಎಲ್ಲ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಕಟ್ಟಡಗಳ ನಡುವೆ ದೊಡ್ಡದೊಂದು ಮೈದಾನ. ಮಳೆಗಾಲ ಮುಗಿಯುವಾಗ ಅಲ್ಲಿ ಹುಲ್ಲು ಮೊಣಕಾಲಿಗೆ ಬರುತ್ತಿತ್ತು. ಟಿಟ್ವಾಳಾ ಕಡೆಯ ಒಂದು ತೋಟದ ಬಂಗಲೆ ಮಾರಾಟವಾದಾಗ ಅಲ್ಲಿ ಮೂಲೆಗೆ ಬಿದ್ದಿದ್ದ ವಿದೇಶದ ಹಳೆಯ ಪುಟ್ಟ ಟ್ರ್ಯಾಕ್ಟರೊಂದನ್ನು ಇವರು ಟೆಂಪೋದಲ್ಲಿ ಹೇರಿಕೊಂಡು ಬಂದರು. ಹೊಲ ಉಳುವುದಲ್ಲ, ಹುಲ್ಲು ಕತ್ತರಿಸುವುದು. ಮೇಲೆ ಒಬ್ಬರು ಕೂರುವ ಸೀಟು, ಮುಂದೆ ಎಂಜಿನ್ನು, ಹೊಟ್ಟೆಯ ಕೆಳಗೆ ಬೋರಲು ಹಾಕಿದ ಬಾಣಲೆಯಂಥ ತಗಡು, ಅದರೊಳಗೆ ಎರಡು ಬ್ಲೇಡು. ಕೆಂಪು ಬಣ್ಣ ಬಿಸಿಲಿಗೆ ಕಿತ್ತಳೆಯಾಗಿತ್ತು. ಒಂದು ಮಳೆಗಾಲವಿಡೀ ಬಿಚ್ಚಿ ಕಟ್ಟಿ ಅದನ್ನು ನಡೆಯುವ ಹಾಗೆ ಮಾಡಿದರು. ಆಮೇಲೆ ಮೈದಾನದ ಹುಲ್ಲು ಕತ್ತರಿಸುವ ಕೆಲಸವನ್ನು ಕಾಲೊನಿಯ ಕಮಿಟಿಯವರು ಇವರಿಗೇ ಪ್ರತ್ಯೇಕವಾಗಿ ಕೊಟ್ಟರು. ಗಾಡಿ ನಮ್ಮದು, ಅದನ್ನು ನಿಲ್ಲಿಸುವ ಪಂಪ್‌ರೂಮಿನ ಹಿಂದಿನ ಶೆಡ್ಡು ಕಮಿಟಿಯದು.

ಕ್ಲಚ್ಚು ಎಂದರೆ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಂಜಿನ್ನು ಸ್ಟಾರ್ಟ್ ಆದ ಕೂಡಲೇ ಬ್ಲೇಡು ತಿರುಗಬಾರದು. ಗಾಡಿ ಮೈದಾನಕ್ಕೆ ಹೋದ ಮೇಲೆ, ಬೇಕಾದಾಗ ಮಾತ್ರ ತಿರುಗಬೇಕು. ಅದಕ್ಕಾಗಿ ಎಂಜಿನ್ನಿನ ತಳದಲ್ಲಿ ಊಟದ ತಟ್ಟೆಗಿಂತ ಸಣ್ಣದಾದ, ದಪ್ಪನೆಯ ಒಂದು ಕಬ್ಬಿಣದ ಚಕ್ರ ಇದೆ, ಅದೇ ಕ್ಲಚ್ಚು. ಒಳಗೆ ತಾಮ್ರದ ತಂತಿಯ ಸುರುಳಿ. ಸ್ಟೀರಿಂಗ್ ಬಳಿಯ ಸ್ವಿಚ್ಚಿನ ಹಳದಿ ಗುಬುಟು ಎಳೆದರೆ ಬ್ಯಾಟರಿಯಿಂದ ಕರೆಂಟು ಹೋಗಿ ಸುರುಳಿ ಅಯಸ್ಕಾಂತವಾಗುತ್ತದೆ, ಒಂದು ಬಿಲ್ಲೆ ಹೋಗಿ ಇನ್ನೊಂದಕ್ಕೆ ಟಕ್ಕೆಂದು ಅಂಟುತ್ತದೆ, ಬೆಲ್ಟು ಎಳೆಯುತ್ತದೆ, ಬ್ಲೇಡು ತಿರುಗುತ್ತದೆ. ಗುಬುಟು ಒತ್ತಿದರೆ ಬಿಡುತ್ತದೆ. ಇಷ್ಟೇ. ಇದನ್ನು ತಿಳಿಯಲು ನಾನು ಎಷ್ಟು ಜನರ ಎಷ್ಟು ಬಗೆಯ ವಿವರಣೆ ಕೇಳಬೇಕಾಯಿತು ಎಂದು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಮನೆ ಖಾಲಿಯಾಗುತ್ತ ಹೋಯಿತು. ಅವರ ಅಂಗಿಗಳನ್ನು ಕೊಟ್ಟೆವು. ಮೊಬೈಲು ನಂಬರು ಬಂದ್ ಆಯಿತು. ಪಂಪಿನ ಕೆಲಸಕ್ಕೆ ಬೇರೆಯವರು ಬಂದರು. ನನ್ನವರ ಕೈ ತಾಗಿದ ವಸ್ತುಗಳಲ್ಲಿ ಇನ್ನೂ ಕೆಲಸ ಮಾಡುತ್ತಿದ್ದುದು ಆ ಗಾಡಿಯೊಂದೇ. ಹುಲ್ಲಿನ ಕೆಲಸ ನಮ್ಮ ಕೈಯಲ್ಲೇ ಇರಲಿ ಎಂದು ನಾನು ಕಮಿಟಿಯ ಸೆಕ್ರೆಟರಿಯವರಲ್ಲಿ ಕೇಳಿದೆ. ಮಗಳ ಕಾಲೇಜು ಇತ್ತು, ಡಬ್ಬಿ ಒಂದರಿಂದ ಸಂಸಾರ ಸಾಗುವಂತಿರಲಿಲ್ಲ ಎಂಬುದು ಹೊರಗೆ ಹೇಳಿದ ಕಾರಣ. ಒಳಗಿನ ಕಾರಣ ಯಾರಿಗೂ ಹೇಳಲಿಲ್ಲ. ಆ ಗಾಡಿ ಗುಜರಿಯವನ ಕೈಗೆ ಹೋಗುವುದನ್ನು ನಾನು ನೋಡಲಾರೆ ಎಂಬುದು.

ಸೆಕ್ರೆಟರಿ ಒಳ್ಳೆಯವರೇ. “ಭಾಭೀ, ಆಪ್ ಸಂಭಾಲೋ,” ಎಂದು ಕೆಲಸ ನನಗೇ ಬಿಟ್ಟರು. ಮೈದಾನ ಚೊಕ್ಕ ಕಾಣಬೇಕು ಎಂಬುದೊಂದೇ ಷರತ್ತು: “ಲೇಕಿನ್ ಗ್ರೌಂಡ್ ಸಾಫ್ ದಿಖ್‌ನಾ ಚಾಹಿಯೇ.”

ಓಡಿಸುವವನು ನನ್ನ ಮೈದುನ. ಅವನ ವಾಸ ಡೊಂಬಿವಲಿಯಲ್ಲಿ, ಕೆಲಸ ಕಲ್ಯಾಣದ ನಮ್ಮ ಕಡೆಯವರ ಹೋಟೆಲೊಂದರಲ್ಲಿ, ಗಲ್ಲಾಪೆಟ್ಟಿಗೆಯ ಮುಂದೆ. ರಜೆಯ ದಿನ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ನೆರೂಳಿಗೆ ಬರುತ್ತಿದ್ದ. ಅಣ್ಣನೆಂದರೆ ಅವನಿಗೆ ಪ್ರಾಣ. ಎರಡು ಭಾನುವಾರ ಹುಲ್ಲು ಚೆನ್ನಾಗಿಯೇ ಕತ್ತರಿಸಿದ.

ಅಷ್ಟರಲ್ಲಿ ದಸರಾ ಬಂತು. ನಮಗೆ ಆ ವರ್ಷ ಹಬ್ಬವಿಲ್ಲ. ನಾನು ದೇವರ ಕೋಣೆಯ ದೀಪ ಹಚ್ಚಿ ಸುಮ್ಮನಿದ್ದೆ. ಇವನು ಬೆಳಿಗ್ಗೆಯೇ ಗೊಂಡೆಹೂವಿನ ಮಾಲೆ ಹಿಡಿದುಕೊಂಡು ಬಂದ.

“ಎಂತದಿದು? ಈ ವರ್ಷ ಇಲ್ಲ ಅಂತ ಗೊತ್ತಿಲ್ವಾ ನಿನಗೆ?” ಎಂದೆ.

“ಸೂತಕ ನಮಗೆ ಅತ್ತಿಗೆ. ಗಾಡಿಗೆ ಎಂತ ಸೂತಕ? ಅಣ್ಣ ಒಂದು ವರ್ಷವೂ ಬಿಟ್ಟದ್ದಿಲ್ಲ.”

ನಾನು ಕೆಳಗೆ ಇಳಿಯಲಿಲ್ಲ. ಕಿಟಕಿಯಿಂದ ಕಾಣುತ್ತಿತ್ತು. ಪೈಪು ಬಿಟ್ಟು ತೊಳೆದ, ಒರೆಸಿದ, ಒಂದು ಬಟ್ಟಲು ಹಿಡಿದುಕೊಂಡು ಗಾಡಿಯ ಅಡಿಗೆ ನುಸುಳಿ ಬಹಳ ಹೊತ್ತು ಏನೋ ಮಾಡಿದ, ಕುಂಕುಮ ಇಟ್ಟ, ಮಾಲೆ ಹಾಕಿದ, ಕಾಯಿ ಒಡೆದ. ಆಮೇಲೆ ಒಬ್ಬನೇ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ನಾನು ಕಿಟಕಿ ಬಿಟ್ಟು ಒಳಗೆ ಬಂದೆ.

ಅದರ ಮುಂದಿನ ಭಾನುವಾರ ಗಾಡಿ ಕೆಟ್ಟಿತು.

ಪೂರ್ತಿ ಕೆಟ್ಟಿದ್ದರೆ ಒಂದು ರೀತಿ. ಇದು ಹಾಗಲ್ಲ. ಗುಬುಟು ಎಳೆದರೆ ಟಕ್ ಎನ್ನುತ್ತಿತ್ತು. ಬ್ಲೇಡು ತಿರುಗುತ್ತಿತ್ತು. ಖಾಲಿ ನೆಲದಲ್ಲಿ ಗಿರ್ರೆಂದು ಚೆನ್ನಾಗಿಯೇ ತಿರುಗುತ್ತಿತ್ತು. ಹುಲ್ಲು ಸಿಕ್ಕಿದ ಕೂಡಲೇ ಸೋಮಾರಿಯ ಹಾಗೆ ನಿಧಾನವಾಗಿ ನಿಂತೇಬಿಡುತ್ತಿತ್ತು. ಎಂಜಿನ್ನು ಮಾತ್ರ ಬೊಬ್ಬೆ ಹೊಡೆಯುತ್ತಿತ್ತು. ಗಾಡಿ ಹೋದ ದಾರಿಯಲ್ಲಿ ಹುಲ್ಲು ಕತ್ತರಿಸಿರುತ್ತಿರಲಿಲ್ಲ, ಎಣ್ಣೆ ಹಾಕಿ ಬಾಚಿದ ತಲೆಯ ಹಾಗೆ ಮಲಗಿರುತ್ತಿತ್ತು. ನಾವು ಅತ್ತ ತಿರುಗಿದರೆ ಮತ್ತೆ ಎದ್ದು ನಿಲ್ಲುತ್ತಿತ್ತು.

“ಕರೆಂಟಿನ ಕ್ಲಚ್ ಅಲ್ವಾ, ಕರೆಂಟಿನದ್ದೇ ಪ್ರಾಬ್ಲೆಮ್,” ಎಂದ ಮೈದುನ.

ಇದೇ ಎಲ್ಲ ಕಷ್ಟಕ್ಕೆ ಮೂಲವಾದ ಮಾತು. ಆಮೇಲೆ ಬಂದವರೆಲ್ಲ ಇದನ್ನೇ ಹಿಡಿದುಕೊಂಡರು. ಫ್ಯೂಸ್ ತೆಗೆದು ನೋಡಿದರು, ಸರಿಯಿತ್ತು. ಸರಿಯಿದ್ದ ಫ್ಯೂಸನ್ನೂ ಬದಲಿಸಿದರು. ಬ್ಯಾಟರಿಯನ್ನು ಸ್ಟೇಷನ್ ಹತ್ತಿರದ ರಿಕ್ಷಾ ಗ್ಯಾರೇಜಿನಲ್ಲಿ ಚಾರ್ಜಿಗೆ ಇಟ್ಟು ತಂದರು. ಗುಬುಟಿನ ಸ್ವಿಚ್ಚು ಬಿಚ್ಚಿದರು. ಒಳಗಿನ ಸ್ಪ್ರಿಂಗ್ ಹಾರಿ ಹುಲ್ಲಿಗೆ ಬಿತ್ತು. ಅದು ಸಿಗುವ ತನಕ ಮೈದುನ, ಮಗಳು, ನಾನು ಮೂವರೂ ನೆಲ ಹುಡುಕಿದೆವು. ಅದೇ ಹುಲ್ಲು, ಕತ್ತರಿಸಲು ಆಗದ ಹುಲ್ಲು.

ವೈರುಗಳನ್ನು ನೋಡೋಣ ಎಂದರೆ ಎಲ್ಲವೂ ಕಪ್ಪು. ಯಾವುದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಗಾಡಿ ಕಟ್ಟುವಾಗ ಇವರು ಕಾಲೊನಿಯಲ್ಲಿ ಉಳಿದ ಕಪ್ಪು ಕೇಬಲನ್ನೇ ಎಲ್ಲ ಕಡೆಗೂ ಎಳೆದಿದ್ದರು. ಅವರಿಗೆ ಎಲ್ಲ ಬಾಯಿಪಾಠ. ಉಳಿದವರಿಗೆ? ಒಂದು ಕಡೆಗಾದರೂ ಕೆಂಪು ಹಾಕಬಾರದಿತ್ತೇ? ಶೆಡ್ಡಿನ ನೆಲದ ಮೇಲೆ ಕೂತು ಆ ಕಪ್ಪು ವೈರುಗಳ ಗಂಟನ್ನು ಕೈಯಲ್ಲಿ ಹಿಡಿದುಕೊಂಡಾಗ ನನಗೆ ಸತ್ತವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

“ಯಾರನ್ನು ಬೈತಿದ್ದೀರಿ ಅತ್ತಿಗೆ?” ಎಂದು ಮೈದುನ ಕೇಳಿದ.

“ನಿನ್ನ ಅಣ್ಣನನ್ನು.”

“ಬೈಯಿರಿ, ಬೈಯಿರಿ. ನನಗೂ ಬಾಯಿಗೆ ಬಂದದ್ದೇ ಅದು.”

ಮಗಳಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳು ಸೈಬರ್ ಕೆಫೆಗೆ ಹೋಗಿ ಇಂತಹ ಗಾಡಿಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಹಾಳೆಗಳ ಕಟ್ಟು ಪ್ರಿಂಟ್ ತೆಗೆಸಿಕೊಂಡು ಬಂದಳು. ಮೊಬೈಲಿನಲ್ಲೇ ರಿಪೇರಿಯ ವಿಡಿಯೋ ನೋಡುವ ಕಾಲ ಆಗಿನ್ನೂ ಬಂದಿರಲಿಲ್ಲ. ಹಾಳೆಯಲ್ಲಿದ್ದ ಚಿತ್ರ ನಮ್ಮ ಗಾಡಿಯದಲ್ಲ, ಅದರ ಯಾವುದೋ ದೊಡ್ಡಪ್ಪನ ಮಗನದ್ದು.

“ಮಮ್ಮೀ, ಪೆಹೆಲೇ ವೋಲ್ಟೇಜ್ ದೇಖ್‌ನೇ ಕಾ. ಫಿರ್ ಕಾಯಿಲ್. ಫಿರ್ ಗ್ಯಾಪ್,” ಎಂದಳು.

ಮೊದಲು ವೋಲ್ಟೇಜು ನೋಡಬೇಕು, ಆಮೇಲೆ ಕಾಯಿಲ್ ಎಂಬ ಆ ತಂತಿಯ ಸುರುಳಿ, ಕೊನೆಗೆ ಗ್ಯಾಪು. ಗ್ಯಾಪ್ ಎಂದರೇನು ಎಂದು ಕೇಳಿದೆ. ಎರಡು ಬಿಲ್ಲೆಗಳ ನಡುವಿನ ಸಂದು. ಅದು ಜಾಸ್ತಿಯಾದರೆ ಹಿಡಿತ ಸಾಲುವುದಿಲ್ಲವಂತೆ. ಮೈದುನ ಕೈ ಬೀಸಿ ಅದನ್ನು ತಳ್ಳಿಹಾಕಿದ. ಗ್ಯಾಪೂ ಇಲ್ಲ, ಎಂತದೂ ಇಲ್ಲ, ಕಾಯಿಲ್ ಹೋಗಿದೆ ಎಂದ. ರಿಕ್ಷಾ ಗ್ಯಾರೇಜಿನ ಎಲೆಕ್ಟ್ರಿಷಿಯನ್ ಮೀಟರು ತಂದು ಎರಡು ವೈರಿಗೆ ಹಿಡಿದ. ಬ್ಯಾಟರಿಯ ವೋಲ್ಟೇಜು ಪೂರ್ತಿ ಬರುತ್ತಿದೆ, ಕಾಯಿಲ್ ಚೆನ್ನಾಗಿದೆ ಎಂದ. ನಮಗೆ ಸಂತೋಷವಾಯಿತು. ಮೀಟರನ್ನು ಜೇಬಿಗೆ ಹಾಕಿಕೊಂಡು, “ಫಿರ್ ಭೀ ಕ್ಲಚ್ ಚೇಂಜ್ ಕರೋ,” ಎಂದು ಹೇಳಿ ಹೋದ. ಚೆನ್ನಾಗಿದ್ದರೆ ಯಾಕೆ ಚೇಂಜ್ ಮಾಡಬೇಕು? ಕೇಳಲು ಹೊರಗೆ ಓಡಿದೆ, ಅವನ ಸ್ಕೂಟರು ಆಗಲೇ ಗೇಟು ದಾಟಿತ್ತು.

ನಡುವೆ ಇನ್ನೊಂದು ಪೀಡೆ. ವಾರದ ನಡುವೆ ಮೈದುನನಿಗೆ ಬರಲಾಗುವುದಿಲ್ಲವೆಂದು ನಾನೇ ಓಡಿಸಲು ಕಲಿತೆ. ಕಷ್ಟವೇನಿಲ್ಲ, ಸ್ಟೀರಿಂಗ್ ತಿರುಗಿಸಿದತ್ತ ಹೋಗುತ್ತದೆ. ಆದರೆ ನಾನು ಕುಳಿತು ಗುಬುಟು ಎಳೆದರೆ ಟಕ್ ಎಂದು ಹಿಡಿದು, ನೆಲದಲ್ಲಿ ಗುಂಡಿ ಸಿಕ್ಕಿದ ಕೂಡಲೇ ಟಕ್ ಎಂದು ಬಿಟ್ಟು, ಮತ್ತೆ ಟಕ್. ಮೈದುನ ಕುಳಿತರೆ ಇದು ಆಗುತ್ತಿರಲಿಲ್ಲ. ಗಾಡಿಗೂ ಗಂಡಸು ಹೆಂಗಸು ಭೇದವೇ ಎಂದು ನನಗೆ ಅಳು ಬರುವಂತಾಯಿತು. ಕೊನೆಗೆ ಮಗಳ ಹಾಳೆಯಲ್ಲಿ ಉತ್ತರವಿತ್ತು. ಓಡಿಸುವವರು ಬಿದ್ದರೆ ಬ್ಲೇಡು ನಿಲ್ಲಲಿ ಎಂದು ಸೀಟಿನ ಅಡಿಯಲ್ಲಿ ಒಂದು ಸ್ವಿಚ್ಚು. ಅದರ ಸ್ಪ್ರಿಂಗನ್ನು ಇವರು ತಮ್ಮ ತೂಕಕ್ಕೆ ಬಿಗಿ ಮಾಡಿಕೊಂಡಿದ್ದರು. ಅವರು ಒಳ್ಳೆ ದಪ್ಪ ಆಳು. ನಾನು ಸೀಟಿನಲ್ಲಿ ಎಗರಿದರೆ ಗಾಡಿಯ ಲೆಕ್ಕದಲ್ಲಿ ನಾನು ಇಲ್ಲವೇ ಇಲ್ಲ. ಸ್ಪ್ರಿಂಗ್ ಸಡಿಲಿಸಿದೆವು. ಸ್ವಿಚ್ಚು ಕಿತ್ತು ವೈರು ನೇರ ಮಾಡೋಣ ಎಂದ ಮೈದುನನಿಗೆ, “ನಾನು ಬಿದ್ದು ಕಾಲು ಹೋದ್ರೆ ಡಬ್ಬಿ ನೀನು ಹೊರ್ತೀಯಾ?” ಎಂದೆ. ಇಕ್ಕುಳ ಕೆಳಗಿಟ್ಟ.

ಟಕ್ ಟಕ್ ನಿಂತಿತು. ಹುಲ್ಲು ಸಿಕ್ಕಿದರೆ ಬ್ಲೇಡು ನಿಲ್ಲುವುದು ನಿಲ್ಲಲಿಲ್ಲ.

ಹೊಸ ಕ್ಲಚ್ಚು ಹುಡುಕಲು ಮೈದುನ ರಬಾಳೆಗೆ ಹೋದ. ಅಲ್ಲಿನ ಕಾರ್ಖಾನೆಗಳ ನಡುವಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗದ ವಸ್ತು ಇಲ್ಲ ಎಂದು ಅವನ ನಂಬಿಕೆ. ಲಾನ್ ಕತ್ತರಿಸುವ ಮೆಷಿನಿನ ಕ್ಲಚ್ಚು ಎಂದದ್ದಕ್ಕೆ ಮೊದಲ ಅಂಗಡಿಯವರು ಲಾನ್ ಎಂದರೆ ಬಟ್ಟೆಯಾ ಎಂದರಂತೆ. ಎರಡನೆಯವರು ವಿದೇಶದಿಂದ ತರಿಸಬೇಕು, ಯಾವಾಗ ಬರುತ್ತದೆಂದು ದೇವರಿಗೆ ಗೊತ್ತು ಎಂದರಂತೆ. ಇನ್ನೊಬ್ಬರು, ಕಾರಿನ ಎಸಿಯಲ್ಲೂ ಹೀಗೇ ಟಕ್ ಎನ್ನುವ ಕ್ಲಚ್ಚು ಇರುತ್ತದೆ, ಅದನ್ನೇ ಹಾಕಿ ಎಂದರಂತೆ. ಇವನು ಅದನ್ನು ಕೊಂಡೇ ಬಂದ. ಪೇಪರಿನಲ್ಲಿ ಸುತ್ತಿ, ಮದುವೆಯ ಒಡವೆಯ ಹಾಗೆ ಎದೆಗೆ ಒತ್ತಿಕೊಂಡು ತಂದ.

ಹೊಸದರ ರಂಧ್ರ ಒಂದು ಅಳತೆ, ನಮ್ಮ ಎಂಜಿನ್ನಿನ ದಂಡ ಇನ್ನೊಂದು ಅಳತೆ.

“ಸ್ವಲ್ಪ ಸಣ್ಣದಾಯ್ತು,” ಎಂದ.

“ಸ್ವಲ್ಪವಾ? ನನ್ನ ಬಳೆ ನಿನ್ನ ಕೈಗೆ ಹಾಕಿದ ಹಾಗೆ ಉಂಟು.”

“ಲೇತ್ ಮೇಲೆ ಕೊರೆಸಿದ್ರೆ…”

“ಇನ್ನು ಒಂದು ಸಾಮಾನು ಮನೆಗೆ ತಂದರೆ ನಿನ್ನನ್ನೇ ಲೇತ್ ಮೇಲೆ ಕೊರೆಸ್ತೇನೆ.”

ಮಗಳು ನಗು ತಡೆಯಲಾರದೆ ಹೊರಗೆ ಹೋದಳು. ಅವರು ಹೋದ ಮೇಲೆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದು ಮೊದಲ ಸಲ ಎಂದು ಕಾಣುತ್ತದೆ. ನನಗೆ ಅದರ ಮೇಲೂ ಸಿಟ್ಟು ಬಂತು.

ಇಷ್ಟರಲ್ಲಿ ಮೈದಾನ ಕಾಡಾಯಿತು. ಮಕ್ಕಳ ಚೆಂಡು ಹುಲ್ಲಲ್ಲಿ ಕಳೆಯತೊಡಗಿತು. ಹಾವು ನೋಡಿದೆ ಎಂದು ಒಬ್ಬ ಅಜ್ಜಿ ಹೇಳಿದರು, ಮರುದಿನ ಇಡೀ ಕಾಲೊನಿ ಹಾವು ನೋಡಿತ್ತು. ಸೆಕ್ರೆಟರಿ ಮನೆಗೆ ಬಂದರು. ಚಾ ಕೊಟ್ಟೆ. ಬಹಳ ಸಂಕೋಚದಿಂದಲೇ ಮಾತಾಡಿದರು. ಡಿಸೆಂಬರಿನಲ್ಲಿ ಮಕ್ಕಳ ಆಟೋಟ ಇದೆ. ಒಬ್ಬ ಕಂಟ್ರಾಕ್ಟರು ಹೆಗಲಿಗೆ ಹಾಕುವ ಮೆಷಿನಿನ ಆಳುಗಳನ್ನು ಕಳಿಸಲು ಒಪ್ಪಿದ್ದಾನೆ. ಶೆಡ್ಡಿನಲ್ಲಿ ಹೊಸ ಜನರೇಟರು ಇಡಬೇಕೆಂದು ಕಮಿಟಿಯಲ್ಲಿ ಮಾತಾಗಿದೆ.

“ರವಿವಾರ ತಕ್ ದೇಖೋ ಭಾಭೀ,” ಎಂದರು. “ನಹೀ ಹುವಾ ತೋ ಭಂಗಾರವಾಲೇ ಕೋ ಮೈ ಬುಲಾ ದೂಂಗಾ. ಆಪ್ ಕೋ ತಕ್ಲೀಫ್ ನಹೀ ಹೋಗೀ.”

ಭಾನುವಾರದ ತನಕ ಸಮಯ, ಆಗದಿದ್ದರೆ ಗುಜರಿಯವನನ್ನು ತಾವೇ ಕರೆಸುವರಂತೆ, ನನಗೆ ತೊಂದರೆ ಇಲ್ಲವಂತೆ. ಉಪಕಾರ ಮಾಡುವ ದನಿಯಲ್ಲಿ ಹೇಳಿದರು. ಉಪಕಾರವೇ ಇರಬಹುದು. ನಾನು ಚಾ ಲೋಟ ತೆಗೆದುಕೊಂಡು ಒಳಗೆ ಹೋಗಿ, ತೊಳೆದದ್ದನ್ನೇ ಮತ್ತೆ ತೊಳೆದೆ.

ಆ ಭಾನುವಾರ ಬೆಳಿಗ್ಗೆ ಮೈದುನ ಬಂದಾಗ ನಾನು ಆಗಲೇ ಸೀಟಿನ ಮೇಲೆ ಕುಳಿತಿದ್ದೆ. ಅವನು ಮತ್ತೊಂದು ಹೊಸ ಫ್ಯೂಸ್ ತಂದಿದ್ದ. ಜೇಬಿನಲ್ಲೇ ಇಟ್ಟುಕೋ ಎಂದೆ. ಇಷ್ಟು ದಿನ ಬ್ಲೇಡು ನಿಧಾನವಾದ ಕೂಡಲೇ ಎಲ್ಲರೂ ಗಡಿಬಿಡಿಯಲ್ಲಿ ಗುಬುಟು ಒತ್ತಿ, ಗಾಡಿ ನಿಲ್ಲಿಸಿ, ವೈರು ಹುಡುಕಲು ಓಡುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಗೋಡೆಯ ಹತ್ತಿರದ ದಟ್ಟ ಹುಲ್ಲಿಗೆ ನುಗ್ಗಿಸಿದೆ. ಬ್ಲೇಡು ಸೋತಿತು, ಎಂಜಿನ್ನು ಕೂಗಿತು. ಏನು ಮಾಡುತ್ತೀಯೋ ಮಾಡು ಎಂದು ಹಾಗೇ ಹಿಡಿದೆ. ಅದು ಧೈರ್ಯವಲ್ಲ, ಬೇಸತ್ತ ಹಟ.

ಆಗ ಅಡಿಯಿಂದ ತೆಳ್ಳಗೆ ಹೊಗೆ ಬಂತು. ಹೊಗೆಯ ಜೊತೆ ವಾಸನೆ.

ರಬ್ಬರು ಸುಟ್ಟ ವಾಸನೆಯಲ್ಲ, ವೈರು ಸುಟ್ಟದ್ದೂ ಅಲ್ಲ, ಎಂಜಿನ್ ಆಯಿಲೂ ಅಲ್ಲ. ಒಗ್ಗರಣೆಗೆ ಇಟ್ಟು ಮರೆತು ಹೋದಾಗ ಬರುವ ವಾಸನೆ. ತೆಂಗಿನೆಣ್ಣೆ. ದಿನಾ ಅದರಲ್ಲೇ ಅಡಿಗೆ ಮಾಡುವವಳಿಗೆ ಇದರಲ್ಲಿ ಯೋಚಿಸಲು ಏನೂ ಇರಲಿಲ್ಲ. ಗಾಡಿ ಬಂದ್ ಮಾಡಿ ಇಳಿದೆ.

“ದಸರಾದ ದಿನ ಬಟ್ಟಲಲ್ಲಿ ಎಂತ ಇತ್ತು?” ಎಂದು ಮೈದುನನನ್ನು ಕೇಳಿದೆ.

“ಯಾವ ಬಟ್ಟಲು?”

“ಅಡಿಗೆ ನುಸುಳಿದ್ದೆಯಲ್ಲ, ಬಟ್ಟಲು ಹಿಡಿದುಕೊಂಡು.”

ಅವನ ಮುಖ ನಿಧಾನವಾಗಿ ಬದಲಾಯಿತು. “ಎಣ್ಣೆ,” ಎಂದ.

“ಎಲ್ಲಿಗೆ ಹಚ್ಚಿದೆ?”

“ಎಲ್ಲದಕ್ಕೂ ಅತ್ತಿಗೆ. ತಿರುಗುವುದಕ್ಕೆಲ್ಲ. ಹೋಟ್ಲಲ್ಲಿ ಹಾಗೇ ಅಲ್ವಾ ಮಾಡುವುದು?”

ಹೌದು, ಹಾಗೇ ಮಾಡುವುದು. ಅವನ ಹೋಟೆಲಿನಲ್ಲಿ ದಸರಾ ಎಂದರೆ ಗ್ರೈಂಡರನ್ನು, ಕಾಯಿ ತುರಿಯುವ ಮೆಷಿನನ್ನು, ಕತ್ತಿ ಚೂರಿಗಳನ್ನು ತಿಕ್ಕಿ ತೊಳೆದು, ತುಕ್ಕು ಹಿಡಿಯದ ಹಾಗೆ ತೆಂಗಿನೆಣ್ಣೆ ಸವರಿ, ಕುಂಕುಮ ಇಟ್ಟು, ಒಂದು ದಿನ ಮುಟ್ಟದೆ ಬಿಡುತ್ತಾರೆ. ಊರಿನಲ್ಲೂ ತರಕಾರಿ ಹೆಚ್ಚುವ ಮೆಟ್ಟುಕತ್ತಿಗೆ ನಾವು ಹಾಗೇ ಹಚ್ಚುತ್ತೇವೆ. ಕಬ್ಬಿಣಕ್ಕೆ ಅದು ಗೌರವ. ಎರಡು ಬಿಲ್ಲೆ ಒಂದನ್ನೊಂದು ಗಟ್ಟಿಯಾಗಿ ಕಚ್ಚಿ ಹಿಡಿಯಬೇಕಾದ ಜಾಗಕ್ಕೆ ಇವನು ಭಕ್ತಿಯಿಂದ, ಬೆರಳು ಹೋದಷ್ಟು ಒಳಗೆ ಎಣ್ಣೆ ತುಂಬಿದ್ದ. ಜಾರದೆ ಇನ್ನೇನು ಮಾಡುತ್ತದೆ? ಕರೆಂಟು ಬರುತ್ತಿತ್ತು, ಟಕ್ ಎನ್ನುತ್ತಿತ್ತು, ಹಿಡಿಯುತ್ತಿತ್ತು, ಜಾರುತ್ತಿತ್ತು. ಒಂದೂವರೆ ತಿಂಗಳು ನಾವು ಎಲ್ಲರೂ ವೈರು ಹುಡುಕುತ್ತಿದ್ದೆವು.

“ಅಣ್ಣ ಪ್ರತಿ ವರ್ಷ ಹಚ್ತಿದ್ದ. ನಾನೇ ನೋಡಿದ್ದೇನೆ,” ಎಂದ.

“ಅವರು ಮೇಲಿನ ತಗಡಿಗೆ ಹಚ್ಚುತ್ತಿದ್ದರು.”

“ಅಡಿಗೂ ಹಚ್ತಿದ್ದ.”

“ಅಡಿಗೆ ಎಲ್ಲಿಗೆ?”

ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಇವರು ಅಡಿಯಲ್ಲಿ ಮಲಗಿ ಏನು ಮಾಡುತ್ತಿದ್ದರು ಎಂದು ನಮ್ಮಲ್ಲಿ ಒಬ್ಬರೂ ಬಗ್ಗಿ ನೋಡಿದವರಲ್ಲ. ಬೈಯಬೇಕೆಂದು ಬಾಯಿಗೆ ತಂದುಕೊಂಡದ್ದೆಲ್ಲ ಅವನ ಮುಖ ನೋಡಿ ಒಳಗೇ ಉಳಿಯಿತು. ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಹೊಗೆ ಎಂದ. ಹೊಗೆ ಆಗ ಎಲ್ಲಿಯೂ ಇರಲಿಲ್ಲ.

ಕೆಲಸಕ್ಕೆ ಇಳಿದೆವು. ಕೀಲಿ ತೆಗೆದು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಬ್ಯಾಟರಿಯ ವೈರು ಬಿಡಿಸಿದೆ, ಎಂಜಿನ್ನಿನ ಪ್ಲಗ್ಗಿನ ಟೋಪಿ ಎಳೆದಿಟ್ಟೆ. ಇದೊಂದನ್ನು ಇವರು ಮಾಡುವುದನ್ನು ಕಂಡಿದ್ದೆ. ಬ್ಲೇಡಿನ ತಗಡು ಕೆಳಗಿಳಿಸಿದೆವು, ಬೆಲ್ಟು ಬಿಡಿಸಿದೆವು. ನಡುವಿನ ಬೋಲ್ಟು ಜಗ್ಗಲಿಲ್ಲ. ಮೈದುನ ಬೋಲ್ಟು ಬಿಚ್ಚುವ ಪಾನಾಕ್ಕೆ ಪಂಪ್‌ರೂಮಿನ ಪೈಪೊಂದನ್ನು ಸಿಕ್ಕಿಸಿ ಎರಡೂ ಕಾಲು ಗೋಡೆಗೆ ಕೊಟ್ಟು ಎಳೆದ. ಬೋಲ್ಟು ಬಿಟ್ಟಾಗ ಮಗುಚಿ ಬಿದ್ದ. ಕ್ಲಚ್ಚು ಬಿಡಿಬಿಡಿಯಾಗಿ ಕೈಗೆ ಬಂತು. ಒಳಗೆ ಎಣ್ಣೆ ಕಪ್ಪಗೆ ಹಲ್ವದ ಹಾಗೆ ಗಟ್ಟಿಯಾಗಿ ಕೂತಿತ್ತು, ನಡುನಡುವೆ ಕುಂಕುಮದ ಕೆಂಪು.

ಪೆಟ್ರೋಲಿನಲ್ಲಿ ತೊಳೆದೆವು, ಒರೆಸಿದೆವು, ಮತ್ತೆ ತೊಳೆದೆವು. ಹೊಳೆಯುತ್ತಿದ್ದ ಮುಖಗಳನ್ನು ಪಾಲಿಶ್ ಪೇಪರಿನಿಂದ ಒರಟು ಬರುವಷ್ಟು ತಿಕ್ಕಿದೆ. ಪಾತ್ರೆಯ ತಳ ತಿಕ್ಕಿದ ಕೈ, ಅಷ್ಟು ಗೊತ್ತಿತ್ತು. ತಿರುಗಿ ಜೋಡಿಸಿದ ಮೇಲೆ ಗ್ಯಾಪಿನ ಮಾತು ಬಂತು. ಮಗಳು ಹಾಳೆ ಹಿಡಿದು ಓದಿದಳು: ಸುತ್ತ ಮೂರು ಕಡೆ ಕಿಂಡಿ ಇದೆ, ಮೂರರಲ್ಲೂ ಸಂದು ಒಂದೇ ಸಮ ಇರಬೇಕು, ಅಳೆಯುವ ಪಟ್ಟಿ ಇಲ್ಲದಿದ್ದರೆ ದಪ್ಪ ವಿಸಿಟಿಂಗ್ ಕಾರ್ಡು ನಡೆಯುತ್ತದೆ.

ಮೈದುನನ ಜೇಬಿನಲ್ಲಿ ಹೋಟೆಲಿನ ಕಾರ್ಡು ಇತ್ತು. ತೆಗೆದವನು ಕಿಂಡಿಯ ಹತ್ತಿರ ಹಿಡಿದು ಅಲ್ಲೇ ನಿಂತ.

“ಎಂತಾಯ್ತು ಇನ್ನು?”

“ಗಣಪತಿ ಉಂಟು ಅತ್ತಿಗೆ ಇದರಲ್ಲಿ. ಈ ಕೊಳೆಯೊಳಗೆ ಹೇಗೆ ತುರುಕುವುದು?”

ನಾನು ಹಣೆ ಹಿಡಿದುಕೊಂಡೆ. ಭಕ್ತಿಯಿಂದ ಆದ ಅನಾಹುತವನ್ನು ಇನ್ನೂ ಪೂರ್ತಿ ಒರೆಸಿ ಆಗಿರಲಿಲ್ಲ. ಕತ್ತರಿ ತರಿಸಿದೆ. ಅವನು ಗಣಪತಿಯನ್ನು ಜೋಪಾನವಾಗಿ ಕತ್ತರಿಸಿ ಪಾಕೀಟಿನಲ್ಲಿ ಇಟ್ಟುಕೊಂಡ. ಉಳಿದ ತುಂಡಿನಲ್ಲಿ ಹೋಟೆಲಿನ ವಿಳಾಸ, ‘ಶುದ್ಧ ಶಾಕಾಹಾರಿ’ ಎಂಬ ಸಾಲು ಇತ್ತು. ಅದನ್ನು ಮೂರು ಕಿಂಡಿಗಳಲ್ಲೂ ತುರುಕಿ, ಸ್ವಲ್ಪ ಬಿಗಿಯಾಗಿ ಜಾರುವ ಹಾಗೆ ನಟ್ಟುಗಳನ್ನು ಬಿಗಿದೆವು.

ಮಧ್ಯಾಹ್ನ ಸೆಕ್ರೆಟರಿ ಬಂದಾಗ ನಾನು ಸೀಟಿನ ಮೇಲಿದ್ದೆ. ಗುಬುಟು ಎಳೆದೆ. ಟಕ್. ಮೊದಲ ಸುತ್ತಿನಲ್ಲಿ ಉಳಿದಿದ್ದ ಎಣ್ಣೆ ಹೊಗೆಯಾಡಿತು. ಅವರು ಮೂಗು ಮುಚ್ಚಿಕೊಂಡರು. ಎರಡನೆಯ ಸುತ್ತಿಗೆ ಹೊಗೆ ನಿಂತಿತು. ಗೋಡೆಯ ಪಕ್ಕದ ಅದೇ ದಟ್ಟ ಹುಲ್ಲಿಗೆ ಹೋದೆ. ಎಂಜಿನ್ನಿನ ದನಿ ಭಾರವಾಯಿತು, ಆದರೆ ಬ್ಲೇಡು ನಿಲ್ಲಲಿಲ್ಲ. ಬದಿಯಿಂದ ಹಸಿ ಹುಲ್ಲು ರಾಶಿರಾಶಿಯಾಗಿ ಹಾರಿ ಬಿತ್ತು. ಹಿಂದೆ ತಿರುಗಿ ನೋಡಿದೆ. ಚಾಪೆ ಬಿಚ್ಚಿ ಹಾಸಿದ ಹಾಗೆ ಒಂದು ಪಟ್ಟಿ ಚೊಕ್ಕ ನೆಲ.

“ಚಲೇಗಾ,” ಎಂದು ಒಪ್ಪಿದರು ಸೆಕ್ರೆಟರಿ. ಜನರೇಟರಿಗೆ ಬೇರೆ ಜಾಗ ನೋಡುವ ಮಾತೂ ಆಡಿದರು.

ಮೈದುನ ಮೈದಾನದ ಅಂಚಿನಲ್ಲಿ ಚಪ್ಪಾಳೆ ತಟ್ಟಿದ. ಮಗಳು, “ಮಮ್ಮೀ, ಸೀಧಾ ಚಲಾವೋ!” ಎಂದು ಕೂಗಿದಳು. ನನ್ನ ಪಟ್ಟಿಗಳು ಸೊಟ್ಟಗಿದ್ದವು, ನಿಜ. ನಡುನಡುವೆ ಜುಟ್ಟು ಜುಟ್ಟಾಗಿ ಹುಲ್ಲು ಉಳಿದಿತ್ತು. ಮಾರನೆಯ ವಾರ ಅದನ್ನೂ ಕತ್ತರಿಸಿದೆ. ಆಟೋಟ ನಡೆಯಿತು. ಶೆಡ್ಡು ಉಳಿಯಿತು, ಕೆಲಸ ಉಳಿಯಿತು. ಆಮೇಲೆ ಹಲವು ವರ್ಷ ಆ ಮೈದಾನದ ಹುಲ್ಲನ್ನು ನಾನೇ ಕತ್ತರಿಸಿದೆ. ಕ್ಲಚ್ಚು ಅದಾದ ಮೇಲೂ ಕೈ ಕೊಟ್ಟಿದೆ. ಒಂದು ಸಲ ಸಂದು ಹೆಚ್ಚಾಗಿ, ಒಂದು ಸಲ ಇಲಿ ವೈರು ಕಡಿದು. ಆ ತುಂಡಾದ ವೈರಿನ ಜಾಗಕ್ಕೆ ನಾನು ಕೆಂಪು ಹಾಕಿದೆ.

ಈ ಗಾಡಿಯ ಸಲುವಾಗಿ ನಾನು ಬೈಯದೆ ಬಿಟ್ಟವರಿಲ್ಲ. ಮೈದುನನನ್ನು ಬೈದೆ, ಎಲೆಕ್ಟ್ರಿಷಿಯನ್ನನನ್ನು ಬೈದೆ, ರಬಾಳೆಯ ಅಂಗಡಿಯವರನ್ನು ಕಾಣದೆಯೇ ಬೈದೆ. ಎಲ್ಲರೂ ಏನಾದರೂ ಒಂದು ತಿರುಗಿ ಹೇಳಿದರು, ಇಲ್ಲವೆ ನಕ್ಕರು, ಇಲ್ಲವೆ ಮುನಿಸಿಕೊಂಡರು. ನಾನು ನಿಜವಾಗಿ ಬೈಯಬೇಕಾಗಿದ್ದುದು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ಹೋದ ಮನುಷ್ಯನನ್ನು. ಬೈದೆ, ಈಗಲೂ ಬೈಯುತ್ತೇನೆ. ತಿರುಗಿ ಹೇಳುವವರು ಇಲ್ಲ.